ನಿಮಿಷದಲ್ಲಿ ಎದ್ದ ಗುಡ್ಡ



ಕಳೆದ ತಿಂಗಳು ನಮ್ಮ ಸಂಘದ ಯುವ ವಿಭಾಗದವರು ಖಾಜಾಗುಡದ ಬಂಡೆಗಳ ಬಳಿ ಏರ್ಪಡಿಸಿದ್ದ ನಡಿಗೆಗೆ ನಿಮ್ಮಲ್ಲಿ ಇಪ್ಪತ್ತೆರಡು ಜನ ಬಂದಿದ್ದಿರಿ. ಬೆಳಗ್ಗೆ ಆರಕ್ಕೆ ಎಂದರೆ ಏಳೂವರೆಗೆ ಸೇರಿದಿರಿ, ಅದು ಬೇರೆ ಮಾತು. ನಿಮ್ಮ ಅಪ್ಪ ಅಮ್ಮಂದಿರ ಕಾಲದಲ್ಲೂ ಸಂಘದ ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಶುರುವಾದದ್ದು ನನಗೆ ನೆನಪಿಲ್ಲ. ಅಲ್ಲಿ ಒಂದು ಬಂಡೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಈಗಲೋ ಆಗಲೋ ಉರುಳುವಂತೆ ಕೂತಿದ್ದನ್ನು ನೋಡಿ ಬೀದರ್ ಕಡೆಯ ಮನೆಯ ಹುಡುಗಿಯೊಬ್ಬಳು ಕೇಳಿದಳು: "ಕಾಕಾ, ಇವು ಮ್ಯಾಲಿಂದ ಬಿದ್ದಾವೇನ್ರಿ? ಉಲ್ಕೆ ಗಿಲ್ಕೆ?"

ಎಲ್ಲರೂ ನಕ್ಕರು. ನಾನೂ ನಕ್ಕು "ಇಲ್ಲವ್ವಾ" ಎಂದು ಮುಂದೆ ನಡೆದೆ. ಮನೆಗೆ ಬಂದ ಮೇಲೆ ನಕ್ಕಿದ್ದು ತಪ್ಪಾಯಿತು ಅನ್ನಿಸಿತು. ಗುಡ್ಡವನ್ನು ನೋಡಿ ಫೋಟೋ ತೆಗೆಯುವವರು ಬಹಳ ಜನ, ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳುವವರು ಒಬ್ಬಿಬ್ಬರು. ಅವಳಿಗೆ ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಈ ಸಲದ ಅಂಕಣದಲ್ಲಿ ಕೊಡುತ್ತಿದ್ದೇನೆ.

ಮೊದಲು ನಮ್ಮ ಹೈದರಾಬಾದಿನ ಬಂಡೆಗಳ ವಿಷಯ. ಇವು ಮೇಲಿಂದ ಬಿದ್ದವಲ್ಲ, ಕೆಳಗಿನಿಂದ ಬಂದವು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ್ದ ಕಲ್ಲು ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ನಿಧಾನವಾಗಿ ಆರಿದ್ದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಮೇಲಿದ್ದ ನೆಲವೆಲ್ಲ ಮಳೆಗಾಳಿಗೆ ಸವೆದು ಹೋದಂತೆ ಭಾರ ಕಡಿಮೆಯಾಗಿ ಈ ಕಲ್ಲು ಮೇಲೆದ್ದಿತು, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ಬಿರುಕಿನೊಳಗೆ ನೀರು ಇಳಿಯಿತು. ಚೌಕದ ಮೂಲೆಗಳನ್ನು ನೀರು ಎರಡು ಮೂರು ಕಡೆಯಿಂದ ತಿನ್ನುತ್ತದಲ್ಲ, ಹಾಗಾಗಿ ಮೂಲೆಗಳು ಬೇಗ ಕರಗಿ ಕಲ್ಲು ದುಂಡಗಾಗುತ್ತ ಬಂತು. ಸುತ್ತಲಿನ ಪುಡಿಮಣ್ಣನ್ನು ಮಳೆ ತೊಳೆದ ಮೇಲೆ ಒಂದರ ಮೇಲೊಂದು ಕೂತ ಗುಂಡುಗಳು ಉಳಿದವು. ಯಾರೂ ಎತ್ತಿಟ್ಟದ್ದಲ್ಲ, ಅವು ಮೊದಲಿನಿಂದ ಇದ್ದಲ್ಲೇ ಇವೆ. ರಜೆಯಲ್ಲಿ ಹಂಪಿಗೆ ಹೋದಾಗ ಮಾತಂಗ ಬೆಟ್ಟದಲ್ಲಿ ನೀವು ಕಂಡದ್ದೂ ಇದೇ ಕಥೆಯ ಇನ್ನೊಂದು ಪುಟ.

ಇದೇ ಕಥೆ ಎಂದಾಗ ಒಂದು ಮಾತು ನೆನಪಾಯಿತು. ನಮ್ಮ ಕಾಲ ಕೆಳಗಿನ ಈ ಹಳೆಯ ಭೂಖಂಡದ ತುಂಡಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಧಾರವಾಡ ಕ್ರೇಟಾನ್. ಹೈದರಾಬಾದ್ ಅದರ ಪೂರ್ವ ಭಾಗದ ಮೇಲೆ ನಿಂತಿದೆ. "ನಿಮ್ಮೂರು ಯಾವುದು" ಎಂದು ಕರ್ನಾಟಕದ ನೆಂಟರು ಕೇಳಿದಾಗ ನೀವು ತಡವರಿಸುವುದನ್ನು ನಾನು ನೋಡಿದ್ದೇನೆ. ಮುಂದಿನ ಸಲ ಧಾರವಾಡದ ಮೇಲೆಯೇ ಹುಟ್ಟಿದೆವು ಅನ್ನಿ, ಸುಳ್ಳಾಗುವುದಿಲ್ಲ.

ಇನ್ನು ಮೇಲಿಂದ ಬೀಳುವ ಕಲ್ಲು. ಬೀಳುತ್ತದೆ, ನಮ್ಮ ಕಡೆಯೂ ಬಿದ್ದಿದೆ. 1865ರಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿ, ಮರುವರ್ಷ 1866ರಲ್ಲಿ ಉಡುಪಿಯಲ್ಲಿ ಬಿದ್ದ ಉಲ್ಕಾಶಿಲೆಗಳು ಪ್ರಪಂಚದ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಆ ಊರುಗಳ ಹೆಸರಿನಿಂದಲೇ ಇವೆ. ಆದರೆ ಅವು ಕೆಲವೇ ಕಿಲೋ ತೂಗುವ ಕಲ್ಲುಗಳು. ಅಂತಹವನ್ನು ಗಾಳಿಯೇ ತಡೆದು ನಿಧಾನ ಮಾಡುತ್ತದೆ. ಹೊಲದಲ್ಲಿ ಒಂದು ತಗ್ಗು ಬಿದ್ದರೆ ಹೆಚ್ಚು. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಬಂದದ್ದು ಸುಮಾರು 20 ಮೀಟರ್ ಅಗಲದ್ದು, ಅಂದರೆ ಆರು ಅಂತಸ್ತಿನ ಮನೆಯಷ್ಟು. ಅದೂ ಎತ್ತರದಲ್ಲೇ ಸಿಡಿಯಿತು. ಸದ್ದಿನ ಹೊಡೆತಕ್ಕೆ ಕಿಟಕಿಯ ಗಾಜು ಒಡೆದು ಸುಮಾರು ಸಾವಿರದ ಐನೂರು ಜನ ಗಾಯಗೊಂಡರು. ಬೆಳಕು ಕಂಡು ಕಿಟಕಿಗೆ ಓಡಿ ಬಂದವರಿಗೇ ಹೆಚ್ಚು ಪೆಟ್ಟು. ಇದನ್ನು ನೆನಪಿಡಿ: ಆಕಾಶದಲ್ಲಿ ದೊಡ್ಡ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಿರಿ, ಸದ್ದು ಆಮೇಲೆ ಬರುತ್ತದೆ.

ಇದಕ್ಕಿಂತ ದೊಡ್ಡದು ಬಂದರೆ ಗಾಳಿಗೆ ಅದು ಬಗ್ಗುವುದಿಲ್ಲ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಸೆಕೆಂಡಿಗೆ ಹದಿನೈದು ಕಿಲೋಮೀಟರ್ ಎಂದರೆ ಚಾರ್ಮಿನಾರಿನಿಂದ ಸಿಕಂದರಾಬಾದ್ ಸ್ಟೇಷನ್ ದಾಟಿ ಹೋಗಲು ಒಂದೇ ಸೆಕೆಂಡು. ಆ ಹೊಡೆತಕ್ಕೆ ಬಂದ ಕಲ್ಲು ಬಹುಪಾಲು ಕರಗಿ ಆವಿಯಾಗಿ ಹೋಗುತ್ತದೆ. ಉಲ್ಕೆ ಬಿದ್ದ ಜಾಗದಲ್ಲಿ ದೊಡ್ಡ ಉಲ್ಕೆ ಸಿಗುವುದಿಲ್ಲ ಎಂಬುದು ಕೇಳಿದವರಿಗೆಲ್ಲ ನಿರಾಸೆಯ ಸಂಗತಿ. ಉಳಿಯುವುದು ಅದು ಮಾಡಿದ ಗಾಯ. ನೆಲ ಒಳಕ್ಕೆ ಕುಸಿದು ಹೊರಕ್ಕೆ ಚಿಮ್ಮುತ್ತದೆ. ಕುಳಿಯ ಸುತ್ತ ಕಲ್ಲಿನ ಪದರಗಳು ಮೇಲಕ್ಕೆ ಬಾಗಿ ಉಂಗುರದಂತಹ ಗುಡ್ಡವಾಗುತ್ತದೆ. ಹೊಡೆತ ಇನ್ನೂ ದೊಡ್ಡದಾದರೆ ಕುಳಿಯ ನಡುವೆಯೂ ನೆಲ ಉಬ್ಬಿ ಬರುತ್ತದೆ. ತುಂಬಿದ ಹಂಡೆಯೊಳಗೆ ನಲ್ಲಿಯಿಂದ ಒಂದು ಹನಿ ಬೀಳುವುದನ್ನು ಗಮನಿಸಿ: ತಗ್ಗಾದ ಕೂಡಲೇ ನಡುವೆ ನೀರಿನ ಕಂಬ ಏಳುತ್ತದಲ್ಲ, ಹಾಗೆ. ಹಿಮಾಲಯ ಏಳಲು ಐದು ಕೋಟಿ ವರ್ಷ ಬೇಕಾಯಿತು, ಇನ್ನೂ ಏಳುತ್ತಲೇ ಇದೆ. ಇವು ಏಳುವುದು ನಿಮಿಷಗಳಲ್ಲಿ, ಚಿಕ್ಕವಾದರೆ ಇನ್ನೂ ಬೇಗ.

ಇಂತಹ ಗುಡ್ಡವನ್ನು ಕಣ್ಣಾರೆ ನೋಡಬೇಕೆಂದರೆ ನಮಗೆ ಹತ್ತಿರದ್ದು ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್. ನಾನು ಹೋದದ್ದು ಜಹೀರಾಬಾದ್, ಬೀದರ್, ಉದಗೀರ್, ನಾಂದೇಡ, ಹಿಂಗೋಲಿ ಮಾರ್ಗವಾಗಿ. ಒಂದು ಇಡೀ ದಿನ ಹಿಡಿಯಿತು. ಇದಕ್ಕಿಂತ ಹತ್ತಿರದ ದಾರಿ ಇದೆ ಎಂದು ನಮ್ಮ ಡ್ರೈವರ್ ಕೊನೆಯವರೆಗೂ ಗೊಣಗುತ್ತಿದ್ದ. ಆದರೂ ಈ ದಾರಿಯಲ್ಲೇ ಹೋಗಿ ಎನ್ನುತ್ತೇನೆ. ಬಸ್ಸಿನಲ್ಲಿ ನಿದ್ದೆ ಮಾಡದಿದ್ದರೆ ನೆಲ ಬದಲಾಗುವುದು ಕಾಣುತ್ತದೆ. ಊರು ಬಿಡುವಾಗ ಗ್ರಾನೈಟ್ ಗುಂಡುಗಳು ಇರುತ್ತವೆ. ಹೋಗುತ್ತ ಹೋಗುತ್ತ ಅವು ಮಾಯವಾಗಿ ಹೊಲ ಕಪ್ಪಾಗುತ್ತದೆ. ಬೀದರಿನ ಎತ್ತರದಲ್ಲಿ ಕೋಟೆಯೂ ನೆಲವೂ ಒಂದೇ ಕೆಂಪು, ಅದು ಜಂಬಿಟ್ಟಿಗೆ ಕಲ್ಲು. ಆಮೇಲೆ ಮತ್ತೆ ಕರಿ ಎರೆಭೂಮಿ, ತೊಗರಿ, ಹತ್ತಿ, ಮೆಟ್ಟಿಲು ಮೆಟ್ಟಿಲಾದ ಕರಿಗುಡ್ಡಗಳು. ಇದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಉಕ್ಕಿದ ಲಾವಾ ಪದರದ ಮೇಲೆ ಪದರವಾಗಿ ದಖ್ಖನ್ನಿನ ಈ ಭಾಗವನ್ನೆಲ್ಲ ಮುಚ್ಚಿಬಿಟ್ಟಿತು. ನಿಮ್ಮಲ್ಲಿ ಅನೇಕರ ಅಜ್ಜಿಯ ಮನೆಯ ಹೊಲದ ಮಣ್ಣು ಅದೇ ಲಾವಾ ಕೊಳೆತು ಆದದ್ದು.

ಲೋಣಾರ್ ಊರಿನ ಹತ್ತಿರ ಬಂದಾಗ ನನಗೆ ಮೊದಲು ಏನೂ ಕಾಣಲಿಲ್ಲ. ಸುತ್ತಲಿನ ಬಯಲಿನಿಂದ ಒಂದು ಏರಿ, ಹೆಚ್ಚೆಂದರೆ 20 ಮೀಟರ್ ಎತ್ತರದ್ದು. ಇಷ್ಟಕ್ಕೇ ಇಷ್ಟು ದೂರ ಬಂದೆವೇ ಎಂದುಕೊಂಡು ಏರಿ ಹತ್ತಿದೆ. ಹತ್ತಿದ ಮೇಲೆ ಎದುರಿಗೆ ನೆಲವೇ ಇಲ್ಲ! ಸುಮಾರು 1.8 ಕಿಲೋಮೀಟರ್ ಅಗಲದ ದುಂಡು ಬೋಗುಣಿ, 130 ಮೀಟರಿಗೂ ಹೆಚ್ಚು ಆಳ, ತಳದಲ್ಲಿ ಹಸಿರು ನೀರು, ಇಳಿಜಾರಿನ ತುಂಬ ಕಾಡು. ಹೊರಗೆ ಏರಿ, ಒಳಗೆ ಕಣಿವೆ. ನಾವು ನಿಂತದ್ದು ಉಂಗುರದ ಅಂಚಿನ ಮೇಲೆ.

ಆ ಅಂಚಿನಲ್ಲೇ ಎಲ್ಲ ಗುಟ್ಟು ಇರುವುದು. ಬಯಲಿನಲ್ಲಿ ಬಸಾಲ್ಟ್ ಪದರಗಳು ಚಪಾತಿ ಅಡಕಿದಂತೆ ಮಟ್ಟಸವಾಗಿ ಮಲಗಿರುತ್ತವೆ. ಅಂಚಿನಲ್ಲಿ ನೋಡಿದರೆ ಅವು ಕುಳಿಯಿಂದ ಹೊರಮುಖವಾಗಿ ವಾಲಿವೆ, ಒಳಗಿನಿಂದ ಯಾರೋ ಎಬ್ಬಿದ ಹಾಗೆ. ಅವುಗಳ ಮೇಲೆ ಕುಳಿಯಿಂದ ಚಿಮ್ಮಿ ಬಂದ ಕಲ್ಲುಪುಡಿಯ ಹೊದಿಕೆ ಇದೆ. ಅದು ಅಂಚಿನಿಂದ ಒಂದು ಕಿಲೋಮೀಟರಿಗೂ ಆಚೆಯವರೆಗೆ ಹರಡಿದೆ. ಕೆಳಗಿರಬೇಕಾದ ಕಲ್ಲು ಇಲ್ಲಿ ಮೇಲೆ ಕೂತಿದೆ. ಲೋಣಾರಿನ ಜನ ಶತಮಾನಗಳಿಂದ ಈ ಹೊದಿಕೆಯ ಮೇಲೆಯೇ ಹೊಲ ಉತ್ತು ಮನೆ ಕಟ್ಟಿದ್ದಾರೆ.

ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಸಿ. ಜೆ. ಇ. ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ 1823ರಲ್ಲಿ ಈ ಜಾಗದ ಬಗ್ಗೆ ಬರೆದ ಮೇಲೆ ನೂರೈವತ್ತು ವರ್ಷ ವಾದ ನಡೆಯಿತು. ಸುತ್ತ ನೋಡಿದರೆಲ್ಲ ಲಾವಾ, ಹಾಗಾದರೆ ಇದು ಜ್ವಾಲಾಮುಖಿಯ ಬಾಯಿಯೇ ಇರಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯ. ನೋಡಿದವನಿಗೆ ಅದು ಸಹಜವೂ ಹೌದು. ಅಮೆರಿಕದ ಅರಿಜೋನಾದ ಉಲ್ಕಾಕುಳಿಯ ವಿಷಯದಲ್ಲೂ ಗಿಲ್ಬರ್ಟ್ ಎಂಬ ದೊಡ್ಡ ಭೂವಿಜ್ಞಾನಿ ಇದೇ ತಪ್ಪು ಮಾಡಿದ್ದ. ಲೋಣಾರಿನ ಸರೋವರದ ತಳವನ್ನು ಕೊರೆದು ಆಳದ ಕಲ್ಲಿನ ತುಣುಕುಗಳನ್ನು ತೆಗೆದು ನೋಡಿದಾಗ ಮಾತು ತೀರ್ಮಾನಕ್ಕೆ ಬಂತು. ಬಸಾಲ್ಟಿನ ಫೆಲ್ಡ್‌ಸ್ಪಾರ್ ಹರಳುಗಳು ಕರಗದೆಯೇ, ಹರಳಿನ ಆಕಾರ ಹಾಗೇ ಇಟ್ಟುಕೊಂಡು, ಒಳಗಿನಿಂದ ಗಾಜಾಗಿದ್ದವು. ಗಾಳಿಯ ಒತ್ತಡದ ಲಕ್ಷಗಟ್ಟಲೆ ಪಟ್ಟು ಒತ್ತಡ ಒಂದು ಕ್ಷಣ ಬಿದ್ದರೆ ಮಾತ್ರ ಹೀಗಾಗುತ್ತದೆ. ಯಾವ ಜ್ವಾಲಾಮುಖಿಗೂ ಆ ಶಕ್ತಿ ಇಲ್ಲ. ಅಮೆರಿಕದ ಫ್ರೆಡ್ರಿಕ್ಸನ್, ಮಿಲ್ಟನ್ ಮತ್ತು ನಮ್ಮ ದೇಶದ ದುಬೆ, ಬಾಲಸುಂದರಂ ಸೇರಿ ಇದನ್ನು 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಚಂದ್ರನ ಮೇಲಿನ ಕಪ್ಪು ಕಲೆಗಳೂ ಬಸಾಲ್ಟೇ. ಅಲ್ಲಿನ ಕುಳಿಗಳನ್ನು ಅರ್ಥ ಮಾಡಿಕೊಳ್ಳಲು ಭೂಮಿಯ ಮೇಲೆ ಬಸಾಲ್ಟಿನಲ್ಲೇ ಆದ ಕುಳಿ ಬೇಕು, ಅಂತಹವು ಬಹಳ ಕಡಿಮೆ. ಹಾಗಾಗಿ ಚಂದ್ರನನ್ನು ಅಭ್ಯಾಸ ಮಾಡುವವರು ಹಿಂಗೋಲಿ ದಾಟಿ ಲೋಣಾರಿಗೆ ಬರುತ್ತಾರೆ!

ವಯಸ್ಸಿನ ಬಗ್ಗೆ ಮಾತ್ರ ಇನ್ನೂ ಜಗಳವಿದೆ. 1997ರಲ್ಲಿ ಒಂದು ವಿಧಾನದಿಂದ ಅಳೆದವರು ಸುಮಾರು 52 ಸಾವಿರ ವರ್ಷ ಎಂದರು. 2011ರಲ್ಲಿ ಇನ್ನೊಂದು ವಿಧಾನದಿಂದ ಅಳೆದವರು ಸುಮಾರು 5 ಲಕ್ಷ 70 ಸಾವಿರ ಎಂದರು. ಹತ್ತು ಪಟ್ಟಿಗೂ ಹೆಚ್ಚು ಅಂತರ! ಪರೀಕ್ಷೆಯಲ್ಲಿ ನೀವು ಹೀಗೆ ಬರೆದರೆ ಮೇಷ್ಟರು ಬಿಡುತ್ತಾರೆಯೇ? ಯಾವುದು ಸರಿಯಾದರೂ ಕುಳಿ ಲಾವಾಕ್ಕಿಂತ ಬಹಳ ಎಳೆಯದು, ಜ್ವಾಲಾಮುಖಿಗಳೆಲ್ಲ ಆರಿ ಕೋಟಿಗಟ್ಟಲೆ ವರ್ಷ ಕಳೆದ ಮೇಲಿನದು.

ಇಲ್ಲಿ ಒಂದು ಸಣ್ಣ ತಿದ್ದುಪಡಿ. ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಸಾರಸ್ ಎಂಬ ದೊಡ್ಡ ಡೈನೋಸಾರಿನ ಅಸ್ಥಿಪಂಜರ ನೀವೆಲ್ಲ ನೋಡಿದ್ದೀರಿ. ಅದನ್ನು ಕೊಂದದ್ದು ಉಲ್ಕೆ ಎಂದು ನಡಿಗೆಯ ದಿನ ಒಬ್ಬ ಹುಡುಗ ಧೈರ್ಯವಾಗಿ ಹೇಳಿದ. ಡೈನೋಸಾರ್ ಸಂತತಿಯ ಕೊನೆಗೆ ಕಾರಣವೆನ್ನುವ ಉಲ್ಕೆ ಮೆಕ್ಸಿಕೋ ಕಡೆ ಬಿದ್ದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ನಮ್ಮ ಕೋಟಸಾರಸ್ ಅದಕ್ಕಿಂತ ಹತ್ತು ಕೋಟಿ ವರ್ಷಕ್ಕೂ ಮೊದಲೇ ತನ್ನ ಪಾಡಿಗೆ ತಾನು ತೀರಿಕೊಂಡಿತ್ತು.

ಲೋಣಾರಿನದು ಗುಡ್ಡ ಎನ್ನಲು ಮನಸ್ಸೊಪ್ಪದಿದ್ದರೆ ರಾಜಸ್ಥಾನದ ಬಾರಾಂ ಜಿಲ್ಲೆಯ ರಾಮಗಢಕ್ಕೆ ಹೋಗಬೇಕು. ಮಟ್ಟಸ ಬಯಲಿನ ನಡುವೆ ಸುಮಾರು 200 ಮೀಟರ್ ಎತ್ತರದ ಬೆಟ್ಟದ ಬಳೆ, ಅದರ ನಡುವೆ ಒಂದು ಪುಟ್ಟ ದಿಬ್ಬ. ಬಳೆಯೊಳಗೆ ಹತ್ತನೆಯ ಶತಮಾನದ ಶಿವ ದೇವಾಲಯ, ಭಂಡ ದೇವರಾ ಎಂದು ಹೆಸರು. 1869ರಲ್ಲೇ ಮ್ಯಾಲೆಟ್ ಎಂಬ ಭೂವಿಜ್ಞಾನಿ ಇದನ್ನು ಗಮನಿಸಿದ್ದ. ಉಲ್ಕೆಯ ಕೆಲಸವೇ ಎಂದು ಪುರಾವೆಯೊಡನೆ ಒಪ್ಪಿತವಾದದ್ದು 2020ರ ಹೊತ್ತಿಗೆ. ನಾನು ಹೋಗಿಲ್ಲ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಲೋಣಾರಿಗೆ ಹಿಂದಿರುಗೋಣ, ಅಲ್ಲಿನ ಜೀವಲೋಕದ ವಿಷಯ ಬಾಕಿ ಇದೆ.

ಅಂಚಿನಿಂದ ಇಳಿಯುವಾಗ ಮುಕ್ಕಾಲು ಗಂಟೆಯಲ್ಲಿ ಮೂರು ನಾಲ್ಕು ಲೋಕ ದಾಟುತ್ತೀರಿ. ಮೇಲೆ ಒಣ ಹುಲ್ಲು, ಕುರುಚಲು. ಇಳಿಜಾರಿನಲ್ಲಿ ಎಲೆ ಉದುರುವ ಕಾಡು, ನವಿಲು, ಮುಸುವ, ಉಡ. ಕೆಳಗೆ ಬಂದಂತೆ ಗಾಳಿ ನಿಂತು ಸೆಕೆ ಹೆಚ್ಚುತ್ತದೆ, ಮೂಗಿಗೆ ಕೊಳೆತ ಮೊಟ್ಟೆಯಂತಹ ವಾಸನೆ ಬಡಿಯುತ್ತದೆ. ದಡದ ಕೆಸರಿನ ಮೇಲೆ ಬಿಳಿ ಉಪ್ಪಿನ ಹೆಪ್ಪು. ನೀರು ಮುಟ್ಟಿದರೆ ಸಬೂನು ನೀರಿನಂತೆ ಜಾರುತ್ತದೆ, ಅಷ್ಟು ಕ್ಷಾರ. ಉಂಗುರದ ಗುಡ್ಡ ಸುತ್ತ ತಡೆದಿರುವುದರಿಂದ ಒಳಗೆ ಬಂದ ನೀರು ಹೊರಗೆ ಹರಿಯಲು ದಾರಿ ಇಲ್ಲ. ಬಿಸಿಲಿಗೆ ಆರುತ್ತದೆ, ಲವಣ ಉಳಿಯುತ್ತದೆ. ಊರಿನ ಹೆಸರಿನಲ್ಲೇ ಲವಣವಿದೆ. ವಿಷ್ಣು ದೈತ್ಯಸೂದನನಾಗಿ ಬಂದು ನೆಲದಡಿ ಅಡಗಿದ್ದ ಲವಣಾಸುರನನ್ನು ಕೊಂದ ಜಾಗ ಇದೆಂದು ಅಲ್ಲಿನ ಕಥೆ, ಊರಿನಲ್ಲಿ ದೈತ್ಯಸೂದನನ ಸೊಗಸಾದ ಗುಡಿಯೂ ಇದೆ. ಅಕ್ಬರನ ಕಾಲದ 'ಐನ್-ಇ-ಅಕ್ಬರಿ'ಯಲ್ಲಿ ಈ ಕಡೆಯ ಗುಡ್ಡಗಳಿಂದ ಗಾಜಿಗೂ ಸಬೂನಿಗೂ ಬೇಕಾದ ಸಾಮಗ್ರಿ ಸಿಗುತ್ತಿದ್ದುದರ ಪ್ರಸ್ತಾಪವಿದೆ.

ಇಂತಹ ನೀರಿನಲ್ಲಿ ಸಾಧಾರಣ ಮೀನು ಬದುಕುವುದು ಕಷ್ಟ. ಆದರೆ ಅದೇ ಕ್ಷಾರವನ್ನು ಹಬ್ಬದೂಟವೆಂದು ತಿನ್ನುವ ಜೀವಿಗಳಿವೆ. ನೀರನ್ನು ಹಸಿರು ಮಾಡುವ ಸ್ಪಿರುಲಿನಾ ಅವುಗಳಲ್ಲೊಂದು. 2020ರ ಜೂನ್‌ನಲ್ಲಿ ಸರೋವರ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ನಿಮಗೆ ನೆನಪಿರಬಹುದು, ಲಾಕ್‌ಡೌನ್ ಕಾಲದಲ್ಲಿ ಎಲ್ಲರ ಫೋನಿನಲ್ಲೂ ಆ ಚಿತ್ರ ಓಡಾಡಿತು. ಪುಣೆಯ ಆಗರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ನೀರು ಆರಿ ಉಪ್ಪು ಹೆಚ್ಚಿದಾಗ ಬೆಳೆಯುವ ಒಂದು ಬಗೆಯ ಸೂಕ್ಷ್ಮಜೀವಿಗಳ ಬಣ್ಣ ಅದು ಎಂದರು. ಮಳೆ ಬಂದ ಮೇಲೆ ಬಣ್ಣ ಹೋಯಿತು. ಅದೇ ವರ್ಷ ಲೋಣಾರ್ ರಾಮ್ಸಾರ್ ಪಟ್ಟಿಗೂ ಸೇರಿತು, ಎಂದರೆ ಪ್ರಪಂಚಕ್ಕೇ ಮುಖ್ಯವಾದ ಜೌಗು ತಾಣವೆಂಬ ಮನ್ನಣೆ.

ಉಪ್ಪುನೀರಿನಿಂದ ಸ್ವಲ್ಪ ಮೇಲೆ, ಅಂಚಿನ ಹತ್ತಿರ, ಗುಡಿಯ ಪಕ್ಕದಲ್ಲಿ ಸಿಹಿನೀರಿನ ಧಾರೆ ಬೀಳುತ್ತದೆ. ಜನ ಅಲ್ಲಿ ಮೀಯುತ್ತಾರೆ. ಒಂದೇ ಬೋಗುಣಿಯಲ್ಲಿ ಸಿಹಿನೀರೂ ಉಪ್ಪುನೀರೂ, ಎರಡರ ನಡುವಿನ ಅಳತೆಯ ಮೇಲೆ ಅಲ್ಲಿನ ಎಲ್ಲ ಜೀವ ನಿಂತಿದೆ. ಊರು ಬೆಳೆದಿರುವುದು ಅಂಚಿನ ಮೇಲೆಯೇ. ಬಚ್ಚಲ ನೀರು, ಹೊಲದ ಗೊಬ್ಬರದ ನೀರು ಒಳಗೆ ಇಳಿದರೆ ಉಪ್ಪು ತೆಳುವಾಗುತ್ತದೆ. ಆಗ ಬೇರೆಲ್ಲೂ ಬದುಕಲಾರದ ಜೀವಿಗಳು ಇಲ್ಲೂ ಬದುಕುವುದಿಲ್ಲ. ಈ ವಿಷಯ ಬಾಂಬೆ ಹೈಕೋರ್ಟಿನ ನಾಗಪುರ ಪೀಠದವರೆಗೂ ಹೋಗಿದೆ. ಇನ್ನೊಂದು ಪೀಡೆ, ಹೇಳಲು ಸ್ವಲ್ಪ ನಾಚಿಕೆ, ನಮ್ಮ ಬಳ್ಳಾರಿ ಜಾಲಿ. ಅದು ಬಳ್ಳಾರಿಯದೇನಲ್ಲ, ಅಮೆರಿಕ ಖಂಡದಿಂದ ತಂದ ಮುಳ್ಳುಮರ, ಇಲ್ಲಿ ತೆಲುಗಿನಲ್ಲಿ ಸರ್ಕಾರಿ ತುಮ್ಮ ಎನ್ನುತ್ತಾರೆ. ಲೋಣಾರಿನ ದಡದಲ್ಲಿ ಅದು ಹಬ್ಬಿ ಬೇರೆ ಗಿಡಗಳಿಗೆ ಜಾಗ ಬಿಡದಂತಾಗಿ ಕೀಳಿಸುವ ಕೆಲಸ ನಡೆಸಬೇಕಾಯಿತು.

ಇಷ್ಟೆಲ್ಲ ಬರೆಯುವಾಗ ನನ್ನ ಮನಸ್ಸು ನಮ್ಮ ಹಳೆಯ ಮನೆಯ ಹಿಂದಿನ ಗುಡ್ಡಕ್ಕೆ ಹೋಗುತ್ತಿತ್ತು. ನಾನು ಹುಡುಗನಾಗಿದ್ದಾಗ ಅಲ್ಲಿ ಆನೆಯ ಬೆನ್ನಿನಂತಹ ಒಂದು ಬಂಡೆ ಇತ್ತು. ಮಳೆಗಾಲದಲ್ಲಿ ಅದರ ನೆತ್ತಿಯ ತಗ್ಗಿನಲ್ಲಿ ನೀರು ನಿಂತು ಕಪ್ಪೆಮರಿ ಆಗುತ್ತಿದ್ದವು. ಸಂದಿನಲ್ಲಿ ಗೂಬೆಯ ಸಂಸಾರ. ತೊಂಬತ್ತರ ದಶಕದಲ್ಲಿ ಒಂದು ಬೇಸಿಗೆ ಮಧ್ಯಾಹ್ನ ಸೀಟಿ ಊದುವುದು, ಜನರನ್ನು ದೂರ ಸರಿಸುವುದು, ಸಿಡಿಮದ್ದಿನ ಸದ್ದು, ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಲಾರಿಗಳು ಬಂದವು. ಅಲ್ಲಿ ಎದ್ದ ಅಪಾರ್ಟ್‌ಮೆಂಟಿನ ಮೂರನೆಯ ಅಂತಸ್ತಿನಲ್ಲಿ ನಾನೀಗ ಕೂತು ಇದನ್ನು ಬರೆಯುತ್ತಿದ್ದೇನೆ. ಬುಕಿಂಗಿಗೆ ಮೊದಲ ಕಂತು ಕಟ್ಟಿದವರಲ್ಲಿ ನಾನೂ ಒಬ್ಬ. ಅವತ್ತು ಬಂಡೆಯ ಬಗ್ಗೆ ಯೋಚನೆ ಬರಲಿಲ್ಲ, ನೀರಿನ ಅನುಕೂಲವಿದೆಯೇ ಎಂದಷ್ಟೇ ಕೇಳಿದ್ದೆ.

1996ರಲ್ಲಿ ಈ ಊರಿನ ಕೆಲವರು ಸೇರಿ ಬಂಡೆಗಳನ್ನು ಉಳಿಸುವುದಕ್ಕೆಂದೇ ಒಂದು ಸೊಸೈಟಿ ಕಟ್ಟಿದರು. ಅವರ ಪ್ರಯತ್ನದಿಂದ ಕೆಲವು ಬಂಡೆಗಳು ಉಳಿದಿವೆ. ಹೈದರಾಬಾದ್ ವಿಶ್ವವಿದ್ಯಾಲಯದ ಬಳಿ ಅಣಬೆಯಂತೆ ನಿಂತ ಬಂಡೆಯನ್ನು ನಿಮ್ಮಲ್ಲಿ ಅಲ್ಲಿ ಓದುವವರು ಬಲ್ಲಿರಿ. ಅದರ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆ ಜಾಗದಲ್ಲಿ 2025ರ ಮಾರ್ಚ್ ಕೊನೆಯಲ್ಲಿ ಬುಲ್ಡೋಜರುಗಳು ಬಂದಾಗ ವಿದ್ಯಾರ್ಥಿಗಳು ಅಡ್ಡ ನಿಂತರು. ಏಪ್ರಿಲ್ ಮೊದಲ ವಾರದಲ್ಲಿ ಸುಪ್ರೀಂ ಕೋರ್ಟು ಕೆಲಸ ನಿಲ್ಲಿಸಿತು. ನಮ್ಮ ಸಂಘದ ಇಬ್ಬರು ಮಕ್ಕಳೂ ಅಲ್ಲಿದ್ದರೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಬೈಸಿಕೊಂಡರಂತೆ. ನಾನಾದರೆ ಬೈಯುತ್ತಿರಲಿಲ್ಲ ಎಂದು ಹೇಳಲು ನನಗೆ ಬಾಯಿಲ್ಲ, ಮೇಲಿನ ಪ್ಯಾರಾ ಓದಿದ್ದೀರಲ್ಲ.

ಬರುವ ಜನವರಿಯಲ್ಲಿ ಲೋಣಾರಿಗೆ ಎರಡು ದಿನದ ಪ್ರವಾಸ ಹೋಗೋಣವೆಂದು ಯುವ ವಿಭಾಗದವರು ಗೊತ್ತು ಮಾಡಿದ್ದಾರೆ. ಬರುವವರು ಗಟ್ಟಿ ಅಡಿಯ ಶೂ, ಎರಡು ಲೀಟರ್ ನೀರು, ಒಂದು ಸಣ್ಣ ಅಯಸ್ಕಾಂತ ತನ್ನಿ. ಅಲ್ಲಿನ ಕಲ್ಲುಗಳಿಗೆ ಅಯಸ್ಕಾಂತ ಅಂಟುತ್ತದೆ. ಕೂಡಲೇ ಉಲ್ಕೆ ಸಿಕ್ಕಿತು ಎಂದು ಕುಣಿಯಬೇಡಿ, ಬಸಾಲ್ಟಿನಲ್ಲೇ ಕಬ್ಬಿಣದ ಅಂಶವಿದೆ. ಕಲ್ಲು ಎತ್ತಿ ನೋಡಿ, ಇದ್ದಲ್ಲೇ ಇಟ್ಟು ಬನ್ನಿ, ಅದು ಅಭಯಾರಣ್ಯ. ಬುತ್ತಿ ಸಂಘದ್ದೇ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಹೋಗುವಾಗ ಬೀದರಿನಲ್ಲಿ ಚಹಾಕ್ಕೆ ನಿಲ್ಲುತ್ತೇವೆ. ಖಾಜಾಗುಡದಲ್ಲಿ ಪ್ರಶ್ನೆ ಕೇಳಿದ ಹುಡುಗಿ ಮೊದಲು ಹೆಸರು ಕೊಟ್ಟಿದ್ದಾಳೆ, ಕಿಟಕಿಯ ಪಕ್ಕದ ಸೀಟು ಅವಳದು. ಬಸ್ಸಿನಲ್ಲಿ ಇನ್ನು ಹದಿನಾಲ್ಕು ಸೀಟು ಖಾಲಿ ಇವೆ.